ಕಿತ್ತೂರಿನ ಚಲಚ್ಚಿತ್ರವೂ ಅದರ ಹಿಂದಿರುವ ಆಂಗ್ಲಶಬ್ದಗಳೂ

ಕಿತ್ತೂರಿನ ರಾಣಿ ಚೆನ್ನಮ್ಮನ ವೃತ್ತಾಂತವು ಇಂದಿನ ಕನ್ನಡಿಗರಿಗೆ ತಿಳಿದುಬಂದಿರುವುದು ಬಹುಮಟ್ಟಿಗೆ ಎರಡು ದಾರಿಗಳಿಂದ. ಒಂದು ಶಾಲೆಯ ಪಾಠಪುಸ್ತಕ; ಇನ್ನೊಂದು, 1961ನೆಯ ಇಸವಿಯಲ್ಲಿ ಬಿ. ಆರ್. ಪಂತುಲು ಅವರು ನಿರ್ಮಿಸಿ ನಿರ್ದೇಶಿಸಿದ ‘ಕಿತ್ತೂರು ಚೆನ್ನಮ್ಮ’ ಎಂಬ ಚಲಚ್ಚಿತ್ರ. ಲಾವಣಿಯ ದಾರಿಯು ಇವೆರಡಕ್ಕಿಂತಲೂ ಹಳೆಯದು. ಆದರೆ ಅದು ಈಗ ಸವೆದುಹೋಗಿದೆ. ಚಿತ್ರದಲ್ಲಿ ಬಿ. ಸರೋಜಾದೇವಿಯವರು ರಾಣಿಯ ಪಾತ್ರವನ್ನು ವಹಿಸಿ, ಆಂಗ್ಲ ಅಧಿಕಾರಿಯ ಎದುರಿನಲ್ಲಿ ನಿಂತು ಆಡುವ ಮಾತುಗಳು ಎಷ್ಟು ಪ್ರಸಿದ್ಧವಾದುವೆಂದರೆ, ಅವುಗಳನ್ನು ಕಂಠಪಾಠ ಮಾಡಿ ಒಪ್ಪಿಸುವ ಬಾಲಕಿಯೊಬ್ಬಳಾದರೂ ಇಲ್ಲದ ಶಾಲಾ ವಾರ್ಷಿಕೋತ್ಸವವು ನಮ್ಮ ಕಡೆ ವಿರಳ. ದೂರದರ್ಶನದಲ್ಲಿಯೂ ಆ ದೃಶ್ಯವು ಪುನಃಪುನಃ ಕಾಣಿಸಿಕೊಳ್ಳುತ್ತಲೇ ಬಂದಿದೆ.

ಈ ಲೇಖನದ ಉದ್ದೇಶವು ಚಿತ್ರದ ಗುಣದೋಷಗಳನ್ನು ವಿಮರ್ಶಿಸುವುದಲ್ಲ. ಕಿತ್ತೂರಿನ ಕಲಹವು ಕತ್ತಿಯ ಕಲಹವಾಗುವುದಕ್ಕೆ ಮೊದಲು ಶಬ್ದಗಳ ಕಲಹವಾಗಿದ್ದಿತು. ಆಂಗ್ಲರ ಕಾಗದಪತ್ರಗಳಲ್ಲಿದ್ದ ಕೆಲವು ಮಾತುಗಳು ಇಲ್ಲಿಯವರಿಗೆ ಒಂದು ಅರ್ಥವನ್ನೂ ಬರೆದವರಿಗೆ ಬೇರೊಂದು ಅರ್ಥವನ್ನೂ ಕೊಡುತ್ತಿದ್ದುವು. ಚಿತ್ರವನ್ನು ನೋಡುವಾಗ ಆ ಆಂಗ್ಲಶಬ್ದಗಳು ನಮ್ಮ ಕಿವಿಗೆ ಬೀಳುವುದಿಲ್ಲ. ಅವುಗಳ ಕನ್ನಡ ವೇಷಗಳು ಮಾತ್ರ ಬೀಳುತ್ತವೆ. ವೇಷವನ್ನು ಸರಿಸಿ ನೋಡಿದರೆ ರಾಣಿಯ ಪಕ್ಷವು ಚಿತ್ರದಲ್ಲಿ ಕಾಣುವುದಕ್ಕಿಂತಲೂ ಬಲವಾದುದೆಂಬುದು ಗೊತ್ತಾಗುವುದು. ಇದನ್ನು ತೋರಿಸುವುದಷ್ಟೇ ಇಲ್ಲಿಯ ಪ್ರಯತ್ನ.

ನಡೆದ ಸಂಗತಿಯನ್ನು ವಾಚಕರು ಬಲ್ಲರು; ಆದುದರಿಂದ ಸಂಕ್ಷೇಪವಾಗಿ ಹೇಳಿದರೆ ಸಾಕು. ಮಲ್ಲಸರ್ಜ ದೇಸಾಯಿಯು 1816ರಲ್ಲಿ ತೀರಿಕೊಂಡ ಮೇಲೆ, ಹಿರಿಯ ರಾಣಿ ರುದ್ರಮ್ಮನ ಮಗನಾದ ಶಿವಲಿಂಗರುದ್ರಸರ್ಜನು ಪಟ್ಟಕ್ಕೆ ಬಂದನು. 1818ರಲ್ಲಿ ಪೇಶವೆಯ ರಾಜ್ಯವು ಕುಸಿದಾಗ ಈತನು ಮನ್ರೋ ಸಾಹೇಬನಿಗೆ ನೆರವಾಗಿ ಸನದನ್ನು ಪಡೆದುಕೊಂಡನು. ಪೇಶವೆಗೆ ಸಲ್ಲುತ್ತಿದ್ದ ವರ್ಷಕ್ಕೆ 1,75,000 ರೂಪಾಯಿಗಳ ಹಣವು ಅಂದಿನಿಂದ ಕುಂಪಣಿಗೆ ಸಲ್ಲತೊಡಗಿತು. 1824ನೆಯ ಸಪ್ಟೆಂಬರ 11ರಂದು ಅವನು ಔರಸಸಂತಾನವಿಲ್ಲದೆ ಮರಣಹೊಂದಿದನು. ಮಸ್ತಮರಡಿಯ ಗೌಡರ ಮನೆಯ ಹುಡುಗನನ್ನು ಅವನು ದತ್ತಕ ತೆಗೆದುಕೊಂಡಿದ್ದನು. ಧಾರವಾಡದಲ್ಲಿದ್ದ ಸೇಂಟ್ ಜಾನ್ ಥ್ಯಾಕರೆಯು ಈ ದತ್ತಕವನ್ನು ಒಪ್ಪಲಿಲ್ಲ. ಬೊಕ್ಕಸಕ್ಕೆ ಮುದ್ರೆಯೊತ್ತಿಸಿ ಕಾವಲಿರಿಸಿದನು; ಮುಂದಿನ ತಿಂಗಳು ದಂಡನ್ನು ಕರೆದುಕೊಂಡು ತಾನೇ ಕಿತ್ತೂರಿಗೆ ಬಂದನು. ಅಕ್ಟೋಬರ 23ರಂದು, ಮುಚ್ಚಿದ್ದ ಕೋಟೆಯ ಬಾಗಿಲು ಒಮ್ಮೆಲೆ ತೆರೆದು ಒಳಗಿನವರು ಹೊರಗೆ ನುಗ್ಗಿದಾಗ ಥ್ಯಾಕರೆಯೂ, ಕ್ಯಾಪ್ಟನ್ ಬ್ಲ್ಯಾಕನೂ, ಲೆಫ್ಟೆನೆಂಟರಾದ ಸಿವೆಲ್ ಮತ್ತು ಡೈಟನ್ ಎಂಬವರೂ ಹತರಾದರು. ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕಿದರು. ಡಿಸೆಂಬರದ ಮೊದಲ ವಾರದಲ್ಲಿ, ಕಮಿಶನರ ಚಾಪ್ಲಿನ್ನನು ತಂದ ದೊಡ್ಡ ದಂಡಿಗೆ ಕೋಟೆಯು ವಶವಾಯಿತು. ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಾಲವಾದಳು.

ಈಗ ಚಿತ್ರದ ಆ ಪ್ರಸಿದ್ಧ ದೃಶ್ಯಕ್ಕೆ ಬರೋಣ. ಅಲ್ಲಿ ಆಂಗ್ಲನು ಕಪ್ಪವನ್ನು ಕೇಳುತ್ತಾನೆ. ರಾಣಿಯು, ನೆಲ ನಮ್ಮದು, ದುಡಿಮೆ ನಮ್ಮದು, ಅದರಲ್ಲಿ ನಿಮ್ಮ ಪಾಲೇನೆಂದು ಕೆರಳಿ ಕೇಳುತ್ತಾಳೆ. ಸಭಿಕರ ರಕ್ತವು ಬಿಸಿಯಾಗುವುದು ಸಹಜ. ಆದರೆ 1824ರ ವಿವಾದವು ಕಪ್ಪದ ವಿವಾದವಾಗಿರಲಿಲ್ಲ. ಕಪ್ಪವು ಆರು ವರ್ಷಗಳಿಂದ ಸಲ್ಲುತ್ತಲೇ ಇದ್ದಿತು; ಅದನ್ನು ನಿಲ್ಲಿಸುವ ಮಾತೂ ಹುಟ್ಟಿರಲಿಲ್ಲ. ಹಾಗಾದರೆ ಈ ದೃಶ್ಯವು ಎಲ್ಲಿಂದ ಬಂದಿತು? ಇದಕ್ಕೆ ಉತ್ತರವು ಸುಲಭವಾಗಿಯೇ ಸಿಕ್ಕುವುದು. ಪಂತುಲು ಅವರು 1959ರಲ್ಲಿ ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ಎಂಬ ಚಿತ್ರವನ್ನು ನಿರ್ದೇಶಿಸಿದ್ದರು. ಅದರಲ್ಲಿ ಶಿವಾಜಿ ಗಣೇಶನ್ ಅವರು ಜಾಕ್ಸನ್ ದೊರೆಯ ಎದುರಿನಲ್ಲಿ ಇದೇ ಸರಣಿಯ ಪ್ರಶ್ನೆಗಳನ್ನು ಹಾಕುತ್ತಾರೆ. ಪಾಂಚಾಲಂಕುರಿಚ್ಚಿಯ ಪಾಳೆಯಗಾರನಾದ ಕಟ್ಟಬೊಮ್ಮನ ವಿಷಯದಲ್ಲಿ ಈ ದೃಶ್ಯಕ್ಕೆ ಚರಿತ್ರೆಯ ಆಧಾರವುಂಟು: ಅಲ್ಲಿ 1798ರಲ್ಲಿ ಕಲೆಕ್ಟರ ಜಾಕ್ಸನ್ನನಿಗೂ ಅವನಿಗೂ ಮನಸ್ತಾಪವಾದುದು ಬಾಕಿ ಬಿದ್ದಿದ್ದ ಕಿಸ್ತಿನ ಹಣಕ್ಕಾಗಿಯೇ, 1799ರ ಅಕ್ಟೋಬರದಲ್ಲಿ ಅವನು ಗಲ್ಲಿಗೇರಿದನು. ತಾಮ್ರಪರ್ಣಿಯ ಸೀಮೆಯ ಮಾತು, ಎರಡು ವರ್ಷಗಳಲ್ಲಿ ಮಲಪ್ರಭೆಯ ಸೀಮೆಗೆ ವಲಸೆ ಬಂದಿತೆಂದು ಹೇಳಬೇಕು.

ಕವಿಗೆ ಇಷ್ಟು ಸ್ವಾತಂತ್ರ್ಯವನ್ನು ಕೊಡಲಾಗದೇ ಎಂದು ಯಾರಾದರೂ ಕೇಳಬಹುದು. ಧಾರಾಳವಾಗಿ ಕೊಡಬಹುದು. ನಮ್ಮ ಆಕ್ಷೇಪವು ಬೇರೆ. ಕಪ್ಪವೆಂಬುದಕ್ಕೆ ಆಂಗ್ಲರ ಕಾಗದಗಳಲ್ಲಿದ್ದ ಶಬ್ದವು ‘ಟ್ರಿಬ್ಯೂಟ್’. ಅದು ಪ್ರಜೆಯು ಒಡೆಯನಿಗೆ ಕೊಡುವ ಹಣವಲ್ಲ. ಒಬ್ಬ ಅರಸನು ತನಗಿಂತ ಬಲಿಷ್ಠನಾದ ಇನ್ನೊಬ್ಬ ಅರಸನಿಗೆ ಕೊಡುವ ಹಣ. ಪ್ರಜೆಯು ಕೊಡುವುದಕ್ಕೆ ‘ರೆವೆನ್ಯೂ’ ಎಂಬ ಬೇರೆ ಶಬ್ದವಿದೆ. ಕನ್ನಡದಲ್ಲಿಯೂ ಕಪ್ಪ, ಕಂದಾಯಗಳಿಗೆ ಇರುವ ಭೇದವು ಇದೇ. ನಮ್ಮ ಶಾಸನಗಳಲ್ಲಿ ಕಪ್ಪವನ್ನು ತೆರುವವರು ಮಾಂಡಲಿಕರೇ ಹೊರತು ಒಕ್ಕಲುಮಕ್ಕಳಲ್ಲ. ಆದುದರಿಂದ ವರ್ಷವರ್ಷವೂ ಕಿತ್ತೂರು ಕೊಟ್ಟ 1,75,000 ರೂಪಾಯಿಗಳು ಅದರ ದಾಸ್ಯಕ್ಕೆ ಸಾಕ್ಷಿಯೆಂದು ತಿಳಿಯತಕ್ಕದ್ದಲ್ಲ. ಅದು ಸಂಸ್ಥಾನವೆಂಬುದಕ್ಕೆ ಸಾಕ್ಷಿ. ದೇಸಾಯಿಯು ಬರಿಯ ವತನದಾರನಾಗಿದ್ದರೆ ಅವನಿಂದ ಕಂದಾಯವನ್ನು ವಸೂಲು ಮಾಡುತ್ತಿದ್ದರು, ಕಪ್ಪವನ್ನಲ್ಲ. ಚಿತ್ರದ ರಾಣಿಯು ಕಪ್ಪವೇಕೆಂದು ಕೇಳುವಾಗ, ನಿಜವಾದ ರಾಣಿಯ ಕೈಯಲ್ಲಿದ್ದ ಅತ್ಯಂತ ಬಲವಾದ ದಾಖಲೆಯನ್ನೇ ಎಸೆದುಬಿಡುತ್ತಾಳೆ. ಈ ಸೂಕ್ಷ್ಮವನ್ನು ತರಗತಿಯಲ್ಲಿ ವಿವರಿಸಿದ ಅಧ್ಯಾಪಕರು ದೃಶ್ಯದ ರಸವನ್ನು ಕೆಡಿಸಿದಂತಾಗುವುದಿಲ್ಲವೆಂದು ನಮ್ಮ ನಂಬಿಕೆ.

ಪ್ರಸಂಗವಶಾತ್ ಇನ್ನೊಂದು ಮಾತು. ಆಂಗ್ಲ ವಾರ್ತೆಗಳಲ್ಲಿ ಈಗ ‘ಟ್ರಿಬ್ಯೂಟ್’ ಎಂಬ ಶಬ್ದವು ಬಂದರೆ ವಿದ್ಯಾರ್ಥಿಯು ಅದನ್ನು ಶ್ರದ್ಧಾಂಜಲಿ, ಗೌರವಾರ್ಪಣೆ ಎಂದೇ ತಿಳಿಯುತ್ತಾನೆ, ತಿಳಿಯುವುದೂ ಸರಿಯೇ. ಹಣದ ಕಾಣಿಕೆಯಿಂದ ಮಾತಿನ ಕಾಣಿಕೆಗೆ ಅರ್ಥವು ಜಾರಿದೆ. ಪ್ರತಿ ವರ್ಷ ಅಕ್ಟೋಬರ 23ರಿಂದ ಕಿತ್ತೂರಿನಲ್ಲಿ ನಡೆಯುವ ಉತ್ಸವದ ಆಂಗ್ಲ ವರದಿಗಳಲ್ಲಿ ರಾಣಿಗೆ ‘ಟ್ರಿಬ್ಯೂಟ್’ ಸಲ್ಲಿಸಿದರೆಂದು ಓದಿದಾಗ, ಆಕೆಯು ಅದನ್ನು ಕೊಡಲೊಪ್ಪದಿದ್ದಳೆಂಬ ಚಿತ್ರದ ಕಥೆಯು ನೆನಪಿಗೆ ಬಂದು ನಗೆಯುಕ್ಕುವುದುಂಟು.

ಎರಡನೆಯದಾಗಿ ಥ್ಯಾಕರೆಯ ಹುದ್ದೆಯ ವಿಷಯ. ಪಾಠಪುಸ್ತಕಗಳಲ್ಲಿ ಅವನು ‘ಧಾರವಾಡದ ಕಲೆಕ್ಟರ’. ಕಲೆಕ್ಟರನೆಂದರೆ ಇಂದಿನ ಜಿಲ್ಲಾಧಿಕಾರಿಯೆಂದು ಮಕ್ಕಳು ಊಹಿಸುತ್ತಾರೆ. ಶಬ್ದದ ಮೂಲಾರ್ಥವು ‘ಕೂಡಿಸುವವನು’, ಎಂದರೆ ಹಣವನ್ನು ವಸೂಲು ಮಾಡುವವನು. ಬಂಗಾಲದಲ್ಲಿ ಹೇಸ್ಟಿಂಗ್ಸನು 1772ರಲ್ಲಿ ಈ ಹೆಸರನ್ನು ರೂಢಿಗೆ ತಂದಾಗ ಅವರ ಕೆಲಸವೂ ಅದೇ ಆಗಿದ್ದಿತು. ಆದರೆ ಥ್ಯಾಕರೆಯ ಪೂರ್ಣವಾದ ಬಿರುದು ‘ಪ್ರಿನ್ಸಿಪಲ್ ಕಲೆಕ್ಟರ್ ಮತ್ತು ಪೊಲಿಟಿಕಲ್ ಏಜೆಂಟ್’ ಎಂದಿದ್ದಿತು. ಇವು ಒಂದೇ ಹುದ್ದೆಯ ಎರಡು ಹೆಸರುಗಳಲ್ಲ, ಒಬ್ಬನೇ ಮನುಷ್ಯನ ಎರಡು ಮುಂಡಾಸುಗಳು. ಕಲೆಕ್ಟರನೆಂಬ ಮುಂಡಾಸನ್ನು ಸುತ್ತಿದಾಗ ಅವನು ಕುಂಪಣಿಯ ಸ್ವಂತ ನೆಲದ ಯಜಮಾನ. ಪೊಲಿಟಿಕಲ್ ಏಜೆಂಟನಾದಾಗ ಅವನು ಪರಸಂಸ್ಥಾನಗಳ ಬಳಿಗೆ ಕಳುಹಿಸಲ್ಪಟ್ಟ ನಿಯೋಗಿ. ‘ಪೊಲಿಟಿಕಲ್’ ಎಂಬ ಮಾತಿಗೆ ಅಂದಿನ ಸರಕಾರೀ ಭಾಷೆಯಲ್ಲಿ ಇಂದಿನ ರಾಜಕಾರಣವೆಂಬ ಅರ್ಥವಿಲ್ಲ. ಅನ್ಯ ಅರಸರೊಡನೆ ನಡೆಸುವ ವ್ಯವಹಾರವೆಂದು ಅರ್ಥ. ಇದನ್ನರಿಯದೆ ಅನುವಾದಿಸಿದ ಕೆಲವರು ಅವನನ್ನು ‘ರಾಜಕೀಯ ದಲಾಲ’ನನ್ನಾಗಿ ಮಾಡಿದರೆ ಆಶ್ಚರ್ಯವಿಲ್ಲ!

ಕಿತ್ತೂರಿನ ದೃಷ್ಟಿಯಲ್ಲಿ ಥ್ಯಾಕರೆಯು ನಿಯೋಗಿ. ಪತ್ರವನ್ನು ತಂದು ಉತ್ತರವನ್ನು ಒಯ್ಯಬೇಕಾದವನು. ಅವನು ಬಂದು ಬೊಕ್ಕಸಕ್ಕೆ ಮುದ್ರೆಯೊತ್ತಿದ್ದು, ವಾರಸುದಾರನಿಲ್ಲದ ಜಮೀನನ್ನು ಕಲೆಕ್ಟರನು ಜಪ್ತಿ ಮಾಡುವ ರೀತಿ. ಒಂದು ಮುಂಡಾಸಿನಲ್ಲಿ ಬಾಗಿಲಿಗೆ ಬಂದು ಇನ್ನೊಂದರಲ್ಲಿ ಒಳಹೊಕ್ಕಂತಾಯಿತು. ಕೋಟೆಯವರು ಬಾಗಿಲನ್ನು ಮುಚ್ಚಿದುದರ ಅರ್ಥವು ಇಲ್ಲಿದೆ. ಚಿತ್ರಗಳಲ್ಲಿ ಇದು ಬರಿಯ ಅಹಂಕಾರದ ಕಥೆಯಾಗುವುದು. ಅಹಂಕಾರವೂ ಇದ್ದಿರಬೇಕು, ಆದರೆ ಎರಡು ಅಧಿಕಾರಗಳನ್ನು ಒಬ್ಬನಲ್ಲಿಯೇ ಇರಿಸಿದ ಏರ್ಪಾಡಿನಲ್ಲಿಯೇ ಈ ಕೇಡಿನ ಬೀಜವಿದ್ದಿತು.

‘ಕುಂಪಣಿ’ ಎಂಬ ಹಳೆಯ ರೂಪವನ್ನು ನಮ್ಮ ಜನರು ಬಲ್ಲರು. ಈಚಿನ ಚಿತ್ರಗಳಲ್ಲಿ ಅದು ‘ಕಂಪನಿ’ಯಾದುದರಿಂದ, ಹುಡುಗರಿಗೆ ಅದು ಸಾಬೂನನ್ನೋ ಔಷಧವನ್ನೋ ಮಾರುವ ಮಳಿಗೆಯಂತೆ ಕೇಳಿಸುವುದು. ಅದರ ಆಡಳಿತಸಭೆಗೆ ‘ಕೋರ್ಟ್ ಆಫ್ ಡೈರೆಕ್ಟರ್ಸ್’ ಎಂದು ಹೆಸರು. ಇಲ್ಲಿ ಕೋರ್ಟೆಂದರೆ ನ್ಯಾಯಾಲಯವಲ್ಲ, 24 ಮಂದಿ ನಿರ್ದೇಶಕರ ಕೂಟ. ಇಷ್ಟನ್ನು ತಿಳಿದರೆ ಸಾಕು.

ಇನ್ನು ಮುಖ್ಯವಾದ ವಿಷಯ, ದತ್ತಕ. ಇಲ್ಲಿ ಶಬ್ದಗಳ ಮೂಲವನ್ನು ಸ್ವಲ್ಪ ಕೆದಕಿ ನೋಡುವುದು ಅವಶ್ಯ. ‘ದತ್ತ’ ಎಂದರೆ ಕೊಡಲ್ಪಟ್ಟವನು. ಹೆತ್ತವರು ಕೊಡುವುದು ಈ ಕರ್ಮದ ಜೀವಾಳ. ಕೊಡುವವರಿದ್ದಾರೆ, ಕೊಳ್ಳುವವರಿದ್ದಾರೆ, ಬಂಧುಗಳು ಸಾಕ್ಷಿಗಳಿದ್ದಾರೆ. ನಾಲ್ಕನೆಯವನಿಗೆ ಅಲ್ಲಿ ಸ್ಥಾನವಿಲ್ಲ. ಆಂಗ್ಲರ ‘ಅಡಾಪ್ಟ್’ ಎಂಬುದು ಲ್ಯಾಟಿನ್ ಭಾಷೆಯ ‘ಆರಿಸಿಕೊಳ್ಳು’ ಎಂಬ ಧಾತುವಿನಿಂದ ಬಂದುದು. ಅಲ್ಲಿ ಆರಿಸಿಕೊಳ್ಳುವವನ ಇಚ್ಛೆಯೇ ಪ್ರಧಾನ. ಯೋಜನೆಯನ್ನು, ಉಡುಪನ್ನು, ಅಭಿಪ್ರಾಯವನ್ನು ಕೂಡ ಅವರು ‘ಅಡಾಪ್ಟ್’ ಮಾಡುತ್ತಾರೆ. ಅದಕ್ಕಿಂತಲೂ ವಿಚಿತ್ರವಾದ ಸಂಗತಿಯೊಂದುಂಟು. ಆಂಗ್ಲದೇಶದ ಕಾನೂನಿನಲ್ಲಿ ದತ್ತಕಕ್ಕೆ ಎಡೆಯೇ ಇರಲಿಲ್ಲ. ಅದು ಅಲ್ಲಿ ಶಾಸನಬದ್ಧವಾದುದು 1926ರಲ್ಲಿ. ಎಂದರೆ 1824ರಲ್ಲಿ ಕಿತ್ತೂರಿನ ದತ್ತಕವು ಸರಿಯೋ ತಪ್ಪೋ ಎಂದು ತೀರ್ಪು ಕೊಡಹೊರಟವನ ಸ್ವದೇಶದಲ್ಲಿ ಯಾವ ದತ್ತಕವೂ ಸಾಧುವಾಗಿರಲಿಲ್ಲ. ಅವನಿಗೆ ಅದು ಅನ್ಯದೇಶದ ಒಂದು ಆಚಾರ. ಒಪ್ಪಿದರೆ ಅನುಗ್ರಹ, ಒಪ್ಪದಿದ್ದರೆ ಅನ್ಯಾಯವೇನೂ ಇಲ್ಲ.

ಥ್ಯಾಕರೆಯ ಆಕ್ಷೇಪಗಳು ಎರಡು ಬಗೆಯವು. ದೇಸಾಯಿಯು ಪ್ರಜ್ಞೆಯಲ್ಲಿರುವಾಗಲೇ ಈ ದತ್ತಕವಾಯಿತೇ, ಪತ್ರದ ಮೇಲಣ ಸಹಿ ಅವನದೇ, ಎಂಬುದು ಒಂದು. ಇದು ಸಾಕ್ಷ್ಯದ ಪ್ರಶ್ನೆ, ವಿಚಾರಿಸಿ ತಿಳಿಯಬಹುದಾದುದು. ಸರಕಾರದ ಅನುಮತಿಯನ್ನು ಮೊದಲು ಪಡೆಯಲಿಲ್ಲವೆಂಬುದು ಇನ್ನೊಂದು. ಇದು ಹಕ್ಕಿನ ಪ್ರಶ್ನೆ. ಮೊದಲನೆಯದರ ನೆರಳಿನಲ್ಲಿ ಎರಡನೆಯದನ್ನು ನಡೆಸಿಕೊಂಡುದೇ ಈ ಪ್ರಕರಣದ ಗುಟ್ಟು. ಅನುಮತಿಯು ಬೇಕೆಂದು ಒಪ್ಪಿದೊಡನೆಯೇ ಕಿತ್ತೂರು ಸಂಸ್ಥಾನವಲ್ಲ, ಕುಂಪಣಿಯು ಕೊಟ್ಟ ಉಂಬಳಿಯೆಂದು ಒಪ್ಪಿದಂತಾಗುವುದು.

ಪಾಠಪುಸ್ತಕಗಳೂ ದೂರದರ್ಶನದ ಕಾರ್ಯಕ್ರಮಗಳೂ ಇಲ್ಲಿ ಒಂದು ಕಾಲವಿಪರ್ಯಾಸವನ್ನು ಮಾಡುತ್ತವೆ. ರಾಣಿಯು ಡಾಲ್‌ಹೌಸಿಯ ‘ಡಾಕ್ಟ್ರಿನ್ ಆಫ್ ಲ್ಯಾಪ್ಸ್’ ಎಂಬುದನ್ನು ವಿರೋಧಿಸಿದಳೆಂದು ಹೇಳುವುದು ವಾಡಿಕೆಯಾಗಿದೆ. ಡಾಲ್‌ಹೌಸಿಯು ಗವರ್ನರ್ ಜನರಲನಾದುದು 1848ರಲ್ಲಿ. ಡೈರೆಕ್ಟರರ ಕೂಟವು ದತ್ತಕಕ್ಕೆ ಸಮ್ಮತಿಯನ್ನು ವಿರಳವಾಗಿ ಮಾತ್ರ ಕೊಡಬೇಕೆಂದು ಬರೆದುದೇ 1834ರಲ್ಲಿ. ಕಿತ್ತೂರಿನ ಪ್ರಕರಣವು ಈ ಎರಡಕ್ಕಿಂತಲೂ ಹಿಂದಿನದು. ಆಗ ಸಿದ್ಧಾಂತವಿರಲಿಲ್ಲ, ಹೆಸರಿರಲಿಲ್ಲ, ಕೃತ್ಯವೊಂದೇ ಇದ್ದಿತು. ಹೆಸರಿಲ್ಲದ ಕೃತ್ಯವನ್ನು ಅದು ರೂಢಿಯಾಗುವುದಕ್ಕೆ ಮೊದಲೇ ಗುರುತಿಸಿ ತಡೆದವಳೆಂಬುದು ರಾಣಿಗೆ ಹೆಚ್ಚಿನ ಕೀರ್ತಿಯಲ್ಲವೇ? ಅವಳನ್ನು 24 ವರ್ಷಗಳಷ್ಟು ಮುಂದಕ್ಕೆ ತಳ್ಳಿ, ಝಾಂಸಿಯ ರಾಣಿಯ ಕಥೆಯ ಪೀಠಿಕೆಯನ್ನಾಗಿ ಮಾಡುವವರು ಈ ಕೀರ್ತಿಯನ್ನು ಕಳೆಯುತ್ತಿದ್ದಾರೆ.

‘ಲ್ಯಾಪ್ಸ್’ ಎಂಬ ಶಬ್ದದ ಕನ್ನಡ ರೂಪವನ್ನೂ ನೋಡಬೇಕು. ‘ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿ’ ಎಂದು ನಮ್ಮ ಪುಸ್ತಕಗಳಲ್ಲಿ ಬರೆಯುತ್ತಾರೆ. ಮೂಲದ ಮಾತಿನಲ್ಲಿ ಮಕ್ಕಳೂ ಇಲ್ಲ, ದತ್ತಕವೂ ಇಲ್ಲ. ಲ್ಯಾಪ್ಸ್ ಎಂದರೆ ಜಾರುವುದು. ಆಂಗ್ಲರ ಆಸ್ತಿಯ ಕಾನೂನಿನಲ್ಲಿ, ಕೊಟ್ಟ ಹಕ್ಕು ಪಡೆದವನ ಕೈಯಿಂದ ಜಾರಿ ಹೋಗುವುದು. ಕುಂಪಣಿಯವರ ಬಾಯಲ್ಲಿ ಇದಕ್ಕೆ, ಕೊಟ್ಟವರ ಕೈಗೇ ನೆಲವು ಮರಳುವುದೆಂದು ಅರ್ಥ. ಹಾಗೆ ಮರಳಬೇಕಾದರೆ ಮೊದಲು ಅದನ್ನು ಅವರು ಕೊಟ್ಟಿರಬೇಕಷ್ಟೆ. ಕಿತ್ತೂರಿನ ನೆಲವನ್ನು ಕೊಟ್ಟವರು ಕುಂಪಣಿಯವರೇ? 1818ರ ಸನದು ಕೊಟ್ಟಿತೇ, ಅಥವಾ ಮೊದಲೇ ಇದ್ದುದನ್ನು ಒಪ್ಪಿತೇ? ದೇಸಾಯಿಯ ಮನೆತನವು ಕುಂಪಣಿಯ ನೆರಳೂ ಈ ಸೀಮೆಯ ಮೇಲೆ ಬೀಳದಿದ್ದ ಕಾಲದಿಂದ ಅಲ್ಲಿದ್ದಿತು. ಕನ್ನಡದ ಅನುವಾದವು ನಮ್ಮ ಕಣ್ಣನ್ನು ಹುಡುಗನ ಮೇಲೆ ನಿಲ್ಲಿಸಿ, ನೆಲದ ಪ್ರಶ್ನೆಯನ್ನು ಮರೆಸಿಬಿಡುವುದು. ಹುಡುಗನು ಔರಸನೋ ದತ್ತಕನೋ ಎಂಬ ವಾದದಲ್ಲಿ ನಾವು ತೊಡಗಿದಾಗ, ಕೊಟ್ಟವರು ತಾವೆಂಬ ಕುಂಪಣಿಯ ಮಾತನ್ನು ಪ್ರಶ್ನಿಸದೆಯೇ ಒಪ್ಪಿಕೊಂಡಂತಾಗುವುದು. ‘ಜಾರಿಕೆಯ ವಾದ’ ಎಂದೋ, ‘ಮರಳಿಕೆಯ ವಾದ’ ಎಂದೋ ಹೇಳಿದರೆ ಕಿವಿಗೆ ಹೊಸದಾಗಿ ತೋರಬಹುದು, ಅರ್ಥಕ್ಕೆ ಹತ್ತಿರವಾಗುವುದು.

ಆಂಗ್ಲರ ಮಾತಿನ ರೀತಿಯನ್ನು ಕುರಿತೂ ಎರಡು ಮಾತು ಹೇಳಬೇಕು. ನಮ್ಮ ರಂಗಭೂಮಿಯಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ಆಂಗ್ಲನಾದವನು ಲಿಂಗವಚನಗಳನ್ನು ಕೆಡಿಸಿ, ತಕಾರವನ್ನೆಲ್ಲ ಟಕಾರ ಮಾಡಿ ಮಾತನಾಡತಕ್ಕದ್ದೆಂಬುದು ಒಂದು ಸಂಪ್ರದಾಯ. 2012ರಲ್ಲಿ ತೆರೆಕಂಡ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದವರೆಗಿನ ಅರ್ಧ ಶತಮಾನದಲ್ಲಿ ಚಿತ್ರಕಲೆಯ ಉಳಿದ ಎಷ್ಟೋ ಸಂಪ್ರದಾಯಗಳು ಬದಲಾದುವು, ಇದು ಮಾತ್ರ ಪ್ರೇಕ್ಷಕರಿಗೆ ಇಂದಿಗೂ ಪ್ರಿಯವಾಗಿಯೇ ಉಳಿದಿದೆ. ನಗಿಸುವುದಕ್ಕೆ ಇದು ಒಳ್ಳೆಯ ಉಪಾಯ. ಆದರೆ ಕಿತ್ತೂರಿನಲ್ಲಿ ಸೆರೆಸಿಕ್ಕ ಇಬ್ಬರಲ್ಲಿ ಒಬ್ಬನಾದ ವಾಲ್ಟರ್ ಎಲಿಯಟ್ಟನನ್ನು ನೆನೆಯಿರಿ. ಆಗ ಅವನಿಗೆ 21 ವರ್ಷ. ರಾಣಿಯ ಸೆರೆಯಿಂದ ಬದುಕಿ ಬಂದ ಈತನು ಮುಂದೆ ಧಾರವಾಡ ಸೀಮೆಯಲ್ಲಿ ಉಳಿದು, ಕನ್ನಡ ಶಾಲೆಗಳಿಗಾಗಿ ಮೊದಲು ಯತ್ನಿಸಿದವರಲ್ಲಿ ಒಬ್ಬನಾದನು. ಊರೂರಿನ ಶಿಲಾಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿಮಾಡಿಸಿ, ಚಾಲುಕ್ಯರೇ ಮೊದಲಾದ ರಾಜವಂಶಗಳ ಚರಿತ್ರೆಯನ್ನು ಅವುಗಳಿಂದ ಜೋಡಿಸಿ, ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ನಮ್ಮ ಶಾಸನಾಧ್ಯಯನದ ಮೊದಲ ಪುಟಗಳು ಅವನವು. ಹಳಗನ್ನಡದ ಶಾಸನಗಳೊಡನೆ ಹೆಣಗಿದವನಿಗೆ ಚಿತ್ರದ ತೊದಲುಗನ್ನಡವನ್ನು ಅಂಟಿಸುವುದು ಹೇಗೆ? ಕುಂಪಣಿಯವರು ನಮ್ಮ ನುಡಿಯನ್ನು ಅರಿಯದೆ ಕಿತ್ತೂರನ್ನು ನುಂಗಿದರೆಂದು ತಿಳಿದರೆ ಅವರಿಗೆ ಒಂದು ನೆವವನ್ನು ಒದಗಿಸಿದಂತಾಗುವುದು. ಅರಿಯಬಲ್ಲವರು ಅವರಲ್ಲಿದ್ದರು. ತೊದಲಿದ್ದು ನಾಲಗೆಯಲ್ಲ, ಅವರ ಕಾಗದದ ಶಬ್ದಗಳು ತಮಗೆ ಬೇಕಾದ ಅರ್ಥವನ್ನು ಬಲು ಸ್ಪಷ್ಟವಾಗಿಯೇ ಹೇಳುತ್ತಿದ್ದುವು.

ಲಾವಣಿಕಾರರು ಈ ವಿಷಯದಲ್ಲಿ ಚಿತ್ರಕಾರರಿಗಿಂತ ನಿರ್ಮೊಹಮಾಟರು. ಫ್ಲೀಟ್ ಸಾಹೇಬನು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚುಮಾಡಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ಬಂಡಾಯದ ಲಾವಣಿಯೂ ಒಂದು. ಕುಂಪಣಿ, ಪಲ್ಟಣ, ಕಪ್ತಾನ, ಲಾಟಸಾಹೇಬ ಮುಂತಾಗಿ ಪರದೇಶದ ಮಾತುಗಳನ್ನು ನಮ್ಮ ಜನರು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಆಡಿದರು. ಹಾಗೆ ಒಗ್ಗಿಸಿದ ಶಬ್ದದಲ್ಲಿ ಮೂಲದ ಹೊಳಪು ಹೋದರೂ, ಇದು ಹೊರಗಿನಿಂದ ಬಂದ ವಸ್ತುವೆಂಬ ಗುರುತು ಉಳಿಯುವುದು. ‘ಕಪ್ಪ’, ‘ನೀತಿ’ ಮೊದಲಾದ ಚೊಕ್ಕ ಕನ್ನಡ ಮಾತುಗಳಲ್ಲಿ ಆ ಗುರುತು ಅಳಿಸಿಹೋಗುವುದು.

ಕೊನೆಗೆ, ಇದೇ ತೊಡಕಿನ ಇನ್ನೊಂದು ಮುಖ. ಕಿತ್ತೂರಿನಲ್ಲಿ ಮಡಿದ ಥ್ಯಾಕರೆಯು, ಆಂಗ್ಲ ಕಾದಂಬರಿಕಾರನಾದ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪ. ಕಾದಂಬರಿಕಾರನು 1811ರಲ್ಲಿ ಕಲಕತ್ತೆಯಲ್ಲಿ ಹುಟ್ಟಿದವನು. ಅವನ ತಂದೆಯೂ ಕುಂಪಣಿಯ ಅಧಿಕಾರಿಯೇ. ಅವನ ‘ವ್ಯಾನಿಟಿ ಫೇರ್’ ಎಂಬ ಕಾದಂಬರಿಯನ್ನು 2004ರಲ್ಲಿ ಮೀರಾ ನಾಯರ್ ಅವರು ಚಿತ್ರವಾಗಿ ನಿರ್ದೇಶಿಸಿದರು. ಆಂಗ್ಲಸಾಹಿತ್ಯವನ್ನು ಓದುವ ನಮ್ಮ ವಿದ್ಯಾರ್ಥಿಗಳು ಇದನ್ನು ನೋಡುವುದುಂಟು. ಅದರಲ್ಲಿ ಜಾಸ್ ಸೆಡ್ಲಿ ಎಂಬ ಒಂದು ಪಾತ್ರ: ಹೊಟ್ಟೆಬಾಕ, ಅಂಜುಬುರುಕ, ಡಂಭಾಚಾರದವನು; ವೃತ್ತಿಯಿಂದ ‘ಬಾಗ್ಲಿವಾಲ’ ಎಂಬ ಕಲ್ಪಿತ ಊರಿನ ಕಲೆಕ್ಟರ. ಆಂಗ್ಲ ಓದುಗರಿಗೆ ಈ ಹುದ್ದೆಯ ಹೆಸರೇ ನಗೆಯನ್ನು ತರುವುದು. ಊರಿನ ಹೆಸರನ್ನು ಕೇಳಿ ಇನ್ನೂ ನಗುತ್ತಾರೆ. ನಮ್ಮ ವಿದ್ಯಾರ್ಥಿಗೆ ಕಲೆಕ್ಟರನೆಂದರೆ ಎದ್ದು ನಿಲ್ಲಬೇಕಾದ ದೊಡ್ಡವನು. ಆದುದರಿಂದ ಇಲ್ಲಿಯ ಹಾಸ್ಯವು ಅವನಿಗೆ ಹತ್ತುವುದಿಲ್ಲ. ಅದೇ ಹುದ್ದೆಯಲ್ಲಿದ್ದ ಚಿಕ್ಕಪ್ಪನು ಕಿತ್ತೂರಿನ ಕೋಟೆಯ ಬಾಗಿಲಲ್ಲಿ ಬಿದ್ದುದನ್ನು ಬಲ್ಲ ಮನೆಯಲ್ಲಿ ಬೆಳೆದವನು ಈ ಪಾತ್ರವನ್ನು ಬರೆದನೆಂಬುದನ್ನು ತಿಳಿಸಿದರೆ ಅವನು ಬೇರೆ ಕಣ್ಣಿನಿಂದ ನೋಡುವನು. ಕಾದಂಬರಿಯು 1847ರಿಂದ ತಿಂಗಳಿಗೊಂದು ಕಂತಿನಂತೆ ಹೊರಬಂದು 1848ರಲ್ಲಿ ಮುಗಿಯಿತು. ಆ ವರ್ಷವೇ ಸಾತಾರೆಯ ರಾಜನು ಔರಸಸಂತಾನವಿಲ್ಲದೆ ತೀರಿಕೊಂಡನು, ಅವನ ದತ್ತಕವನ್ನು ಕುಂಪಣಿಯವರು ಒಪ್ಪಲಿಲ್ಲ.